ಕಡಿದದ್ದಲ್ಲ, ಕಡಿದುಹೋದದ್ದು

ನಮ್ಮ ದೊಡ್ಡಮ್ಮನಿಗೆ ಕಚೇರಿಯಲ್ಲಿ ‘ಹಲೋ ಅಕ್ಕ’ ಎಂದೇ ಹೆಸರು. ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದ ಹೊಸತರಲ್ಲಿ ಯಾರಾದರೂ ಹಿಂದಿನಿಂದ ಭುಜ ಮುಟ್ಟಿದರೂ ‘ಹಲೋ’ ಅನ್ನುತ್ತಲೇ ತಿರುಗುತ್ತಿದ್ದಳಂತೆ. ಆ ಹೆಸರು ಅವಳನ್ನು ಕೊನೆವರೆಗೂ ಬಿಡಲಿಲ್ಲ. ಅವಳಿಗೂ ಅದರ ಬಗ್ಗೆ ಬೇಜಾರಿರಲಿಲ್ಲ.

ಅವಳ ಕಿವಿ ಬಹಳ ಚುರುಕು. ಗಿಜಿಗುಡುವ ಲೈನಿನಲ್ಲೂ ಆಚೆಯವರು ಏನು ಹೇಳಿದರು ಎಂದು ಹೆಕ್ಕಿ ತೆಗೆಯುತ್ತಿದ್ದಳು. ಜೊತೆಗೆ ಕೇಳಿದ ಮಾತು ಅವಳ ಬಾಯಿಂದ ಹೊರಗೆ ಬೀಳುತ್ತಿರಲಿಲ್ಲ. ಈ ಎರಡು ಗುಣ ನೋಡಿಯೇ ಮೇಲಿನವರು ಅವಳನ್ನು ಮೂರನೇ ಮಹಡಿಯ ಕೊನೆಯ ಕೋಣೆಗೆ ಹಾಕಿದರು.

ಆ ಕೋಣೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಒಂದು ಮೇಜು, ಎರಡು ಕುರ್ಚಿ, ಕಬ್ಬಿಣದ ಕಪಾಟು, ಬಸ್ ನಿಲ್ದಾಣದ ಕಡೆಗೆ ತೆರೆಯುವ ಕಿಟಕಿ. ಮೇಜಿನ ಮೇಲೆ ಒಂದೇ ಒಂದು ಫೋನು. ಅದಕ್ಕೆ ಡಯಲ್ ಇರಲಿಲ್ಲ. ರಿಸೀವರ್ ಎತ್ತಿದರೆ ನೆರೆಯ ದೇಶದ ರಾಜಧಾನಿಯಲ್ಲಿ ಇಂಥದ್ದೇ ಇನ್ನೊಂದು ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಎರಡೂ ದೇಶಗಳ ಬಳಿ ಅಣುಬಾಂಬ್ ಇತ್ತು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಎಂದಾದರೂ ಕೈಮೀರುವ ಹೊತ್ತು ಬಂದರೆ ದೊಡ್ಡವರು ನೇರವಾಗಿ ಮಾತಾಡಿಕೊಳ್ಳಲಿ ಎಂದು ಹಾಕಿದ್ದ ಲೈನು ಅದು. ಆ ಹೊತ್ತು ಬರುವ ತನಕ ಲೈನು ಜೀವಂತವಾಗಿದೆಯೇ ಎಂದು ದಿನಾ ಬೆಳಿಗ್ಗೆ ನೋಡುವುದು ದೊಡ್ಡಮ್ಮನ ಕೆಲಸ.

ಎರಡು ತುದಿಯಲ್ಲಿ ಕೂತ ಇಬ್ಬರಿಗೂ ಸ್ವಂತದ್ದಲ್ಲದ ಮೂರನೆಯ ಭಾಷೆಯೊಂದರಲ್ಲಿ ಮಾತು. ಹವಾಮಾನ ಬಿಟ್ಟು ಬೇರೆ ಸೊಲ್ಲೆತ್ತುವಂತಿರಲಿಲ್ಲ. ಇವಳು ಇಲ್ಲಿಯ ಬಿಸಿಲು, ಮೋಡ ಹೇಳಬೇಕು. ಆಚೆಯವರು ಅಲ್ಲಿಯದನ್ನು ಹೇಳಬೇಕು. ಆಚೆ ಇದ್ದದ್ದು ಒಬ್ಬ ಗಂಡಸು, ಒರಟು ಗಂಟಲು, ಮಾತಿನ ನಡುವೆ ಸಣ್ಣದೊಂದು ಕೆಮ್ಮು. ಹೆಸರು ಕೇಳುವ ಹಾಗಿರಲಿಲ್ಲವಾದ್ದರಿಂದ ದೊಡ್ಡಮ್ಮ ಅವರನ್ನು ‘ಆಚೆ ಮನೆಯವರು’ ಎಂದು ಕರೆಯುತ್ತಿದ್ದಳು.

ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ದೊಡ್ಡಪ್ಪನಿಗೆ ಇದೊಂದು ತಮಾಷೆ. ಸಂಜೆ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತ, “ಏನೇ, ನಿನ್ನ ಶತ್ರು ಇವತ್ತು ಏನಂದ?” ಎಂದು ಕೆಣಕುತ್ತಿದ್ದ.

“ಮಳೆಯಂತೆ. ನೆಗಡಿಯಾದಂಗಿದೆ ಪಾಪ, ಮೂಗು ಕಟ್ಟಿತ್ತು.”

“ದೇಶದ ಗುಟ್ಟು ಹೊರಗೆ ಬಿಟ್ಟುಬಿಟ್ಯಲ್ಲೇ! ಶತ್ರುವಿಗೆ ನೆಗಡಿ!” ಎಂದು ದೊಡ್ಡಪ್ಪ ಬಿದ್ದು ಬಿದ್ದು ನಗುತ್ತಿದ್ದ.

ಹೀಗೆ ನಡೆಯುತ್ತಿರುವಾಗ ಗಡಿಯಲ್ಲಿ ಗುಂಡು ಹಾರಿತು. ಮೊದಮೊದಲು ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಂದು ಸೇತುವೆ ಹೋಯಿತು, ಆಮೇಲೆ ಒಂದು ಊರು. ಎರಡೂ ಕಡೆಯ ಮಂತ್ರಿಗಳು ಭಾಷಣದಲ್ಲಿ ‘ನಮ್ಮಲ್ಲಿರುವ ಎಲ್ಲ ಅಸ್ತ್ರ’ ಎನ್ನಲು ಶುರುಮಾಡಿದರು. ಎಲ್ಲ ಅಂದರೆ ಯಾವುದು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲೆ ಮುಚ್ಚಿದವು. ಅಂಗಡಿಗಳಲ್ಲಿ ಮೇಣದಬತ್ತಿ ಸಿಗದಾಯಿತು. ನಮ್ಮಮ್ಮ ಇದ್ದಬದ್ದ ಕೊಡ, ಬಕೆಟ್ಟಿಗೆಲ್ಲ ನೀರು ತುಂಬಿಸಿಟ್ಟಳು. ನಾನಾಗ ಕಾಲೇಜಿನಲ್ಲಿದ್ದೆ. ಬಸ್ ನಿಲ್ದಾಣದಲ್ಲಿ ಜನ ಹಾಸಿಗೆ ಸುತ್ತಿಕೊಂಡು ಊರು ಬಿಡುತ್ತಿದ್ದುದನ್ನು ನೋಡಿದ್ದೇನೆ. ದೊಡ್ಡಮ್ಮ ಮಾತ್ರ ಎಂದಿನಂತೆ ಸೀರೆಗೆ ಪಿನ್ ಹಾಕಿಕೊಂಡು ಕೆಲಸಕ್ಕೆ ಹೊರಟಳು. “ನಾನು ಹೋಗ್ದಿದ್ರೆ ಆಚೆ ಮನೆಯವರು ಏನಂದ್ಕೊಳ್ಳಲ್ಲ?” ಎಂದಳು.

ಕೋಣೆಯಲ್ಲಿ ಈಗ ಅವಳ ಜೊತೆ ಸೈನ್ಯದ ಒಬ್ಬ ಕರ್ನಲ್ ಕೂರುತ್ತಿದ್ದರು. ಹೆಚ್ಚು ಮಾತಿನವರಲ್ಲ. ಸಂಪುಟ ಸಭೆ ನಡೆಯುತ್ತಿದ್ದ ಕಟ್ಟಡಕ್ಕೆ ಅವರ ಪಕ್ಕದಲ್ಲಿ ಬೇರೊಂದು ಫೋನಿತ್ತು. ಆ ದಿನ ಬೆಳಿಗ್ಗೆ ಹವಾಮಾನದ ಮಾತು ಎಂದಿನಂತೆ ಮುಗಿಯಿತು. ಸ್ವಲ್ಪ ಹೊತ್ತಿನ ನಂತರ ಮೇಲಿನಿಂದ ಅಪ್ಪಣೆ ಬಂತು: ಮಂತ್ರಿಗಳು ಮಾತಾಡುತ್ತಾರೆ, ಲೈನು ಸಿದ್ಧ ಮಾಡಿ. ದೊಡ್ಡಮ್ಮ ರಿಸೀವರ್ ಎತ್ತಿದಳು. ಸದ್ದೇ ಇಲ್ಲ. ಗಿಜಿಗಿಜಿ ಕೂಡ ಇಲ್ಲ. ಇಟ್ಟು ಮತ್ತೆ ಎತ್ತಿದಳು. ಸತ್ತ ಲೈನು.

“ಎದೆ ಧಸಕ್ ಅಂತು ಕಣೇ,” ಎಂದು ಎಷ್ಟೋ ವರ್ಷದ ಮೇಲೂ ನನಗೆ ಹೇಳುವಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು.

ಮಾತಿಗೆ ಕರೆದ ಹೊತ್ತಿಗೇ ಲೈನು ಸತ್ತರೆ ಮೇಲೆ ಕೂತವರು ಅದಕ್ಕೆ ಏನು ಅರ್ಥ ಹಚ್ಚುತ್ತಾರೆಂದು ಕರ್ನಲ್‌ಗೆ ಗೊತ್ತಿತ್ತು. ಹೊಡೆಯುವ ಮುಂಚೆ ಬಾಯಿ ಮುಚ್ಚಿದರು ಅಂತ. ಹಾಗಾದರೆ ನಾವೇ ಮೊದಲು ಹೊಡೆಯೋಣ ಅಂತ. ಅವರು ಪಕ್ಕದ ಫೋನಿಗೆ ಕೈ ಚಾಚಿದರು.

“ಏನಂತ ಹೇಳ್ತೀರ ಸಾರ್?” ಎಂದಳು ದೊಡ್ಡಮ್ಮ.

“ಇನ್ನೇನ್ ಹೇಳ್ಲಿ? ಲೈನ್ ಕಡಿದಿದ್ದಾರೆ ಅಂತ.”

“ಕಡಿದಿದ್ದಾರೆ ಅನ್ಬೇಡಿ. ಕಡಿದುಹೋಗಿದೆ ಅನ್ನಿ.”

ಕರ್ನಲ್ ಅವಳನ್ನೇ ನೋಡಿದರು. “ಎರಡೂ ಒಂದೇ ಅಲ್ವೇನಮ್ಮ?”

“ಎಲ್ಲಿ ಒಂದೇ? ಕಡಿದಿದ್ದಾರೆ ಅಂದ್ರೆ ಕೈ ಯಾರ್ದೋ ಇದೆ ಅಂತಾಯ್ತು. ನಮಗೆ ಗೊತ್ತಿರೋದು ಲೈನಿಲ್ಲ ಅನ್ನೋದಷ್ಟೇ. ಬೆಳಿಗ್ಗೆ ಅವ್ರು ಚೆನ್ನಾಗೇ ಮಾತಾಡಿದ್ರು.”

ಕರ್ನಲ್ ಫೋನೆತ್ತಿ, “ಲೈನು ಕಡಿದುಹೋಗಿದೆ. ಕಾರಣ ಗೊತ್ತಿಲ್ಲ. ಹುಡುಕ್ತಾ ಇದ್ದೀವಿ,” ಎಂದರು. ಆ ಕಡೆಯಿಂದ ಯಾರೋ ಕಿರುಚಾಡುವುದು ಅವಳಿಗೂ ಕೇಳಿಸಿತು. “ಇಲ್ಲ ಸಾರ್, ಅವರು ಕಡಿದ್ರು ಅಂತ ನಾನು ಹೇಳಲ್ಲ. ನಾನು ನೋಡಿಲ್ಲ,” ಎಂದು ಕರ್ನಲ್ ಮತ್ತೆ ಮತ್ತೆ ಅದನ್ನೇ ಹೇಳಿದರು. ಆ ಧೈರ್ಯ ಅವರದು, ನನ್ನದಲ್ಲ ಎಂದು ದೊಡ್ಡಮ್ಮ ಯಾವಾಗಲೂ ಹೇಳುತ್ತಿದ್ದಳು.

ಲೈನ್‌ಮನ್‌ಗಳು ಜೀಪು ಹತ್ತಿ ಕೇಬಲ್ ಹೋದ ದಾರಿ ಹಿಡಿದು ಓಡಿದರು. ಅಷ್ಟರಲ್ಲಿ ಕೆಳಗಿನ ಮಹಡಿಯಿಂದ ಒಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೆಟ್ಟುಹೋದ ಫೋನುಗಳ ಬಗ್ಗೆ ಜನರ ದೂರು ಕೇಳಿಸಿಕೊಳ್ಳುವ ವಿಭಾಗದವರು ಅವರು. ನಿವೃತ್ತಿಯ ಅಂಚಿನಲ್ಲಿದ್ದ, ಮೈ ಭಾರದ ಮನುಷ್ಯ. ಕಚೇರಿಗೆಲ್ಲ ಅವರು ‘ದೂರು ಮಾವ’.

“ಹಲೋ ಅಕ್ಕಾ, ಯಾರೋ ತಲೆಕೆಟ್ಟೋನು ಹೊರದೇಶದಿಂದ ಫೋನ್ ಮಾಡಿ ಪ್ರಾಣ ತಿಂತಿದಾನೆ. ನಿಮ್ಮ ಫೋನ್ ಕೆಟ್ಟಿದೆ, ದೂರು ಬರ್ಕೊಳ್ಳಿ ಅಂತಾನೆ. ಯಾವ ನಂಬರ್ ಸ್ವಾಮಿ ಅಂದ್ರೆ, ಅದಕ್ಕೆ ನಂಬರೇ ಇಲ್ಲ ಅಂತಾನೆ!”

ದೊಡ್ಡಮ್ಮ ಎದ್ದಳು. ಚಪ್ಪಲಿ ಮೆಟ್ಟಿಕೊಳ್ಳಲೂ ನಿಲ್ಲದೆ ಮೆಟ್ಟಿಲಿಳಿದು ಓಡಿದಳು. ಹಿಂದೆಯೇ ಕರ್ನಲ್. ದೂರು ವಿಭಾಗದ ಮೇಜಿನ ಮೇಲೆ ರಿಸೀವರ್ ಅಡ್ಡ ಬಿದ್ದಿತ್ತು. ಕಿವಿಗಿಟ್ಟುಕೊಂಡರೆ ಮೊದಲು ಕೇಳಿದ್ದು ಕೆಮ್ಮು.

ಎರಡು ದೇಶಗಳ ನಡುವೆ ಸಾಮಾನ್ಯ ಜನರ ಫೋನುಗಳನ್ನು ಯಾವತ್ತೋ ನಿಲ್ಲಿಸಿಬಿಟ್ಟಿದ್ದರು. ಆತ ದೂರದ ಇನ್ನೊಂದು ದೇಶದ ಎಕ್ಸ್‌ಚೇಂಜಿಗೆ ಫೋನ್ ಮಾಡಿ, ಅಲ್ಲಿನವರ ಕೈಕಾಲು ಹಿಡಿದು, ಸುತ್ತು ಬಳಸಿ, ಡೈರೆಕ್ಟರಿಯಲ್ಲಿ ಸಿಕ್ಕ ನಮ್ಮ ಎಕ್ಸ್‌ಚೇಂಜಿನ ಏಕೈಕ ನಂಬರಿಗೆ ಲೈನು ಹಚ್ಚಿಸಿಕೊಂಡಿದ್ದ. ಅದು ದೂರಿನ ನಂಬರು.

“ಇದು ಮೋಸ ಅಲ್ಲ ಅಂತ ಹೇಗೆ ನಂಬೋದು?” ಎಂದು ಕರ್ನಲ್ ಪಿಸುಗುಟ್ಟಿದರು.

ದೊಡ್ಡಮ್ಮ ಬೆಳಿಗ್ಗೆ ನಾವೇನು ಮಾತಾಡಿದೆವು ಎಂದು ಆಚೆಯವರನ್ನು ಕೇಳಿದಳು. ತೆಳು ಮೋಡ, ಪಡುವಣ ಗಾಳಿ, ಮಧ್ಯಾಹ್ನದ ಮೇಲೆ ಸೆಕೆ ಎಂದು ಆತ ಒಪ್ಪಿಸಿದ. ಆಮೇಲೆ ಮೊಟ್ಟಮೊದಲ ಬಾರಿಗೆ ನಿಯಮ ಮೀರಿ ಬೇರೆ ಮಾತಾಡಿದ. ಲೈನನ್ನು ನೀವೇ ಕಡಿದಿರಿ ಎಂದು ಇಲ್ಲಿ ನಮ್ಮವರು ಎದ್ದು ನಿಂತಿದ್ದಾರೆ, ನಾನು ಕಾಡಿಬೇಡಿ ಸ್ವಲ್ಪ ಸಮಯ ತಗೊಂಡಿದ್ದೇನೆ, ದಯವಿಟ್ಟು ಈ ಫೋನು ಇಡಬೇಡಿ.

ಆ ಮಾತಿನ ಅರ್ಥ ತಿಳಿಸಿದ ಕೂಡಲೇ ಕರ್ನಲ್ ಮೇಲಿನವರಿಗೆ ಸುದ್ದಿ ಮುಟ್ಟಿಸಲು ಮೂರನೇ ಮಹಡಿಗೆ ಓಡಿದರು.

ಅವಳು ಫೋನು ಇಡಲಿಲ್ಲ. ರಕ್ಷಣಾ ಕಾರ್ಯದರ್ಶಿ ಬಂದರು, ಅವರ ಹಿಂದೆ ಮಂತ್ರಿಗಳೂ ಬಂದರು. ದೇಶದ ಅಳಿವು ಉಳಿವಿನ ಮಾತುಕತೆ ದೂರು ಮಾವನ ಕಾಲು ಅಲುಗಾಡುವ ಕುರ್ಚಿಯ ಮೇಲೇ ನಡೆಯಿತು. ಸಂಜೆಗೆ ಎರಡೂ ಸೈನ್ಯಗಳು ಇದ್ದಲ್ಲೇ ನಿಲ್ಲುವುದೆಂದು ಒಪ್ಪಂದವಾಯಿತು. ಕೇಬಲ್ ಏನಾಗಿತ್ತು ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ನಮ್ಮದೇ ಹೆದ್ದಾರಿಯ ಬದಿಯಲ್ಲಿ ನೀರಿನ ಪೈಪು ಹಾಕಲು ನೆಲ ಅಗೆಯುತ್ತಿದ್ದವರ ಯಂತ್ರ ಅದನ್ನು ಕಿತ್ತು ಹಾಕಿತ್ತು. ಯುದ್ಧ ಬಂದರೂ ಜನಕ್ಕೆ ನೀರು ಬೇಕಲ್ಲ ಎಂದು ಪಾಪ ಅವರು ಕೆಲಸ ನಿಲ್ಲಿಸಿರಲಿಲ್ಲ.

ಕರ್ನಲ್ ಮುಂದೆ ಸೈನ್ಯ ಬಿಟ್ಟರು, ನಮ್ಮ ಮನೆಗೆ ಹತ್ತಿರದವರಾದರು. ಭಾನುವಾರಗಳಲ್ಲಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತರೆ ದೊಡ್ಡಪ್ಪನಿಗೂ ಅವರಿಗೂ ಒಂದೇ ಚರ್ಚೆ. ಅಷ್ಟು ಕಾಸು ಸುರಿದು ಮಾಡಿಟ್ಟ ಬಾಂಬನ್ನು ಯಾರೂ ಯಾಕೆ ಹಾಕುವುದಿಲ್ಲ?

“ಇದರಲ್ಲಿ ಏನಿದೆ ಸಾರ್? ಅವರು ತಿರುಗಿ ಹಾಕ್ತಾರೆ ಅನ್ನೋ ಭಯ,” ಎನ್ನುವನು ದೊಡ್ಡಪ್ಪ, ಚಕ್ರ ತಿರುಗಿಸುತ್ತ.

“ಭಯ ಇದ್ದೇ ಇದೆ. ಆದ್ರೆ ಆ ದಿನ ನಮ್ಮನ್ನ ಬಾಂಬಿನ ಹತ್ರ ತಳ್ಳಿದ್ದೂ ಅದೇ ಭಯ ಅಲ್ವಾ? ಒಂದೇ ಭಯ ಹಿಂದಕ್ಕೂ ಎಳೆಯುತ್ತೆ, ಮುಂದಕ್ಕೂ ನೂಕುತ್ತೆ. ಆ ಕೋಣೆಗೆ ಬರೋ ಮುಂಚೆ ನಾನು ಸೈನ್ಯದ ಸಭೆಗಳಲ್ಲಿ ಕೂತಿದ್ದೆ. ಹಾಕಿ ಏನು ಸಿಗುತ್ತೆ ಅಂತ ಒಬ್ಬ ಮುದುಕ ಜನರಲ್ ಕೇಳಿದ್ರು. ನೆಲ ಬೇಕು ಅಂತ ಜಗಳ, ಆಮೇಲೆ ಆ ನೆಲದಲ್ಲಿ ಕಾಲಿಡೋಕಾಗಲ್ಲ. ಗಾಳಿ ತಿರುಗಿದ್ರೆ ವಿಷ ನಮ್ಮ ಮನೆಗೇ. ಅದಕ್ಕಿಂತ ಹೆಚ್ಚಾಗಿ, ಹಿಂದೆ ಒಂದ್ಸಲ ಸುಟ್ಟುಹೋದ ಊರುಗಳನ್ನ ಜಗತ್ತು ಇನ್ನೂ ಮರೆತಿಲ್ಲ. ಮತ್ತೆ ಹಾಕಿದೋನು ಗೆದ್ರೂ ಯಾರ ಮುಂದೆ ಮುಖ ಎತ್ತಿ ನಿಲ್ತಾನೆ? ಅಲ್ಲಿದ್ದ ಯಾರಿಗೂ ಆ ಹೆಸರು ಬೇಕಿರಲಿಲ್ಲ.”

“ನಾಚಿಕೆ ಅನ್ನಿ.”

“ಹೂಂ, ನಾಚಿಕೆ. ದೊಡ್ಡ ದೊಡ್ಡ ಪದ ಬಳಸ್ತಾರೆ, ಕೊನೆಗೆ ಅದೇ.”

ಒಳಗಿನಿಂದ ಟೀ ತಂದ ದೊಡ್ಡಮ್ಮ ಒಮ್ಮೆ ನಡುವೆ ಬಾಯಿ ಹಾಕಿದಳು. “ನೀವಿಬ್ರೂ ಹೇಳೋದು ಸರಿ. ಆದ್ರೆ ಭಯನೂ ನಾಚಿಕೆನೂ ಆಚೆಯವರಿಗೂ ಇದೆ ಅಂತ ಗೊತ್ತಾಗ್ಬೇಕಲ್ಲ? ಗೊತ್ತಾಗೋಕೆ ಮಾತಾಡ್ಬೇಕು. ಆಚೆ ಮನೆಯವರ ದನಿ ನಡುಗ್ತಿತ್ತು, ಅದನ್ನ ಕೇಳಿದ್ಮೇಲೇ ನನಗೆ ಧೈರ್ಯ ಬಂದದ್ದು.”

ದೊಡ್ಡಪ್ಪ ಚಕ್ರ ಕೆಳಗಿಟ್ಟು ಟೀ ಲೋಟಕ್ಕೆ ಕೈ ಚಾಚಿದ.

ಆ ಘಟನೆಯ ನಂತರ ಸರ್ಕಾರಗಳು ಇನ್ನೆರಡು ಲೈನು ಹಾಕಿಸಿದವು, ಒಂದೊಂದೂ ಬೇರೆ ಬೇರೆ ದಾರಿಯಲ್ಲಿ. ಹೊಸ ಆಪರೇಟರ್‌ಗಳಿಗೆ ಕಲಿಸುವ ಕೆಲಸ ದೊಡ್ಡಮ್ಮನ ಪಾಲಿಗೆ ಬಂತು. ಜಗಳಗಳು ನಿಂತವೆಂದಲ್ಲ. ಮುಂದೆಯೂ ಎರಡು ಸಲ ಗಡಿ ಬಿಸಿಯಾಯಿತು, ಭಾಷಣಗಳೂ ಆದವು. ಆದರೆ ಆ ಎರಡೂ ಸಲ ‘ಎಲ್ಲ ಅಸ್ತ್ರ’ ಎಂಬ ಮಾತು ಯಾವ ಮಂತ್ರಿಯ ಬಾಯಲ್ಲೂ ಬರಲಿಲ್ಲ. ದೊಡ್ಡಮ್ಮ ಅದನ್ನು ಗಮನಿಸಿದ್ದಳು. “ಒಂದು ದಿನ ಬಾಂಬ್ ಹಾಕ್ದೆ ಇದ್ರೆ ಮಾರನೇ ದಿನ ಹಾಕೋದು ಇನ್ನಷ್ಟು ಕಷ್ಟ ಆಗುತ್ತೆ. ಹೀಗೇ ರೂಢಿಯಾಗ್ಬಿಡುತ್ತೆ ನೋಡ್ತಿರು,” ಎಂದು ನನಗೆ ಹೇಳಿದ್ದಳು.

ಅವಳ ತರಗತಿಯಲ್ಲಿ ಕಲಿತವರೊಬ್ಬರು ಈಗಲೂ ಸಿಕ್ಕಾಗ ಒಂದು ಸಂಗತಿ ಹೇಳುತ್ತಾರೆ. ಪಾಠದ ಮೊದಲ ದಿನ ಒಬ್ಬಾಕೆ ಎದ್ದು, “ಮೇಡಂ, ಮೂರು ಲೈನೂ ಒಟ್ಟಿಗೆ ಹೋದ್ರೆ?” ಎಂದು ಕೇಳಿದಳಂತೆ. ದೊಡ್ಡಮ್ಮ ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟು, ನಾಲ್ಕನೆಯ ದಾರಿ ಯಾವುದಿರಬಹುದು ನೀವೇ ಹೇಳಿ ಎಂದು ಇಡೀ ತರಗತಿಯನ್ನು ಕೇಳಿದಳು. ಒಬ್ಬರು ರೇಡಿಯೋ ಎಂದರು, ಒಬ್ಬರು ಹಡಗು ಎಂದರು, ಇನ್ನೊಬ್ಬರು ಆ ದೇಶಕ್ಕೆ ಮದುವೆಯಾಗಿ ಹೋದ ತಮ್ಮ ಅತ್ತೆ ಎಂದರು. ಊಟದ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ದಾರಿಗಳು ಒಂದರ ಮೇಲೊಂದು ಬರುತ್ತಲೇ ಇದ್ದವಂತೆ.