ನಾಲ್ಕನೇ ಸೀಲು ಹಾಕಲೊಲ್ಲದ ಲಕ್ಕವ್ವ

ಲಾರಿ ಕೆಟ್ಟರೆ ಮೊದಲು ಬೈಸಿಕೊಳ್ಳುವವನು ಡ್ರೈವರ್. ಟೈರು ಒಡೆದರೂ ಅವನೇ, ರಸ್ತೆ ಒಡೆದರೂ ಅವನೇ. ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ ಇದು. ಗೊತ್ತಿದ್ದೂ ಸುಮ್ಮನಿದ್ದೀರಿ, ಅಷ್ಟೆ.

ಸಂಕ್ರಾಂತಿ ಮುಗಿದ ವಾರ, ಇಳಕಲ್ಲಿನ ಅಂಚಿನಲ್ಲಿ ಹುನಗುಂದದ ರಸ್ತೆಗಿರುವ ಜಾಫರಸಾಬನ ಗ್ಯಾರೇಜಿನ ಮುಂದೆ ಒಂದು ಕೆಂಪು ಲಾರಿ ಬಂದು ನಿಂತಿತು. ಅದರಿಂದ ಮೊದಲು ಇಳಿದವನು ಮಾಲೀಕ ಶ್ರೀಶೈಲ. ಖಣಿಯಿಂದ ಪಾಲಿಶ್ ಫ್ಯಾಕ್ಟರಿಗೆ ಗ್ರಾನೈಟ್ ದಿಮ್ಮಿ ಸಾಗಿಸುವ ಮೂರು ಲಾರಿಗಳ ಧಣಿ. ಹಿಂದೆಯೇ ತಲೆ ತಗ್ಗಿಸಿಕೊಂಡು ಇಳಿದವನು ಡ್ರೈವರ್ ಹಣಮೇಶ.

ಮಿಸ್ತ್ರಿ ಎಲ್ಲಿ ಎಂದು ಶ್ರೀಶೈಲ ಕೇಳಿದ. ಇನ್ನೊಂದು ಲಾರಿಯ ಕೆಳಗಿಂದ ಕಾಲುಂಗುರ ತೊಟ್ಟ ಎರಡು ಪಾದಗಳು ಹೊರಬಂದವು, ಆಮೇಲೆ ಮಸಿ ಮೆತ್ತಿದ ಸೀರೆ, ಆಮೇಲೆ ಲಕ್ಕವ್ವ.

"ಇಲ್ಲೇ ಅದೀನ್ರಿ. ಏನಾಗೇತಿ ಹೇಳ್ರಿ."

ಲಕ್ಕವ್ವ ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಅಪ್ಪನ ಕೈಮಗ್ಗ ನಿಂತ ವರ್ಷ ಕೆಲಸ ಹುಡುಕುತ್ತ ಜಾಫರಸಾಬನ ಗ್ಯಾರೇಜಿಗೆ ಬಂದಳು, ಬಿಚ್ಚಿದ ಸಾಮಾನನ್ನು ಡೀಸೆಲ್ಲಿನಲ್ಲಿ ತೊಳೆಯಲು. ಹದಿನಾರು ವರ್ಷದ ಹಿಂದಿನ ಮಾತು. ತೊಳೆಯುವವಳು ತೊಳೆದು ಸುಮ್ಮನಿರಬೇಕಲ್ಲ? ಇವಳು ಸಾಬ ಬಿಸಾಡಿದ, ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಹಳೆಯ ಸೀಲುಗಳನ್ನೆಲ್ಲ ಆರಿಸಿ, ಮಗ್ಗದ ಹಗ್ಗಕ್ಕೆ ಪೋಣಿಸಿ, ಗೋಡೆಗೆ ನೇತುಹಾಕಿದಳು. ಒಂದರ ತುಟಿ ಸವೆದಿತ್ತು, ಒಂದು ಕಾವಿಗೆ ಸುಟ್ಟು ಕಲ್ಲಾಗಿತ್ತು, ಒಂದನ್ನು ಕೂರಿಸುವಾಗಲೇ ಯಾರೋ ಸುತ್ತಿಗೆಯಿಂದ ಕೆಡಿಸಿದ್ದರು. ಸತ್ತ ಸೀಲಿನ ಮುಖ ನೋಡಿಯೇ ಅದು ಹೇಗೆ ಸತ್ತಿತೆಂದು ಹೇಳುವ ಮಟ್ಟಕ್ಕೆ ಅವಳು ಬಂದಾಗ ಸಾಬ ನಟ್ಟು ಬಿಚ್ಚುವ ಪಾನಾ ಅವಳ ಕೈಗೆ ಕೊಟ್ಟ. ಈಗ ಅವನ ಕೈ ನಡುಗುತ್ತದೆ. ಬಾಗಿಲಲ್ಲಿ ಹೊರಸಿನ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಾನೆ, ಇವಳ ಕಿವಿ ಡಾಕ್ಟರಂದು, ಬಾಯಿ ಮಾತ್ರ ಸಂತಿ ಜಗಳದ್ದು ಎಂದು.

ಶ್ರೀಶೈಲನ ತಕರಾರು ಇಷ್ಟು. ಲಾರಿಯ ಹಿಂದಿನ ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಬುರುಡೆ ಇರುತ್ತದೆ. ಎಂಜಿನ್ನಿನ ತಿರುಗುವ ಬಲವನ್ನು ಎರಡೂ ಕಡೆಯ ಗಾಲಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗೆ ದಪ್ಪ ಎಣ್ಣೆಯಲ್ಲಿ ತಿರುಗುತ್ತವೆ. ಪುಸ್ತಕದಲ್ಲಿ ಅದು ಡಿಫರೆನ್ಷಿಯಲ್, ಗ್ಯಾರೇಜಿನಲ್ಲಿ ಕ್ರೌನ್. ಎಂಜಿನ್ನಿನಿಂದ ಬರುವ ಶಾಫ್ಟು ಅದರ ಮೂತಿಗೆ ಸೇರುವಲ್ಲಿ ಎಣ್ಣೆ ತಡೆಯಲು ರಬ್ಬರಿನ ಸೀಲು. ದೀಪಾವಳಿಯಿಂದ ಈಚೆಗೆ ಆ ಸೀಲು ಮೂರು ಸಲ ಹೋಗಿತ್ತು. ಮೂರು ಸಲವೂ ಬಾಗಲಕೋಟೆಯ ದೊಡ್ಡ ವರ್ಕ್‌ಶಾಪೊಂದರಲ್ಲಿ ಹೊಸದು ಹಾಕಿಸಿದ್ದ. ಹದಿನೈದು ದಿನ ತಡೆಯಲಿಲ್ಲ. ಅಲ್ಲಿಯವರು ಕೊನೆಗೆ, ಡ್ರೈವರ್ ಮಿತಿ ಮೀರಿ ಲೋಡು ಹೇರಿ ತಗ್ಗಿನಲ್ಲಿ ಕುಪ್ಪಳಿಸುತ್ತಾನೆ ಎಂದು ಕೈ ತೊಳೆದುಕೊಂಡರು. ಶ್ರೀಶೈಲ ಅದನ್ನೇ ಖಣಿ ಕ್ರಾಸಿನ ಚಹಾದ ಅಂಗಡಿಯಲ್ಲಿ, ಎಂಟು ಹತ್ತು ಡ್ರೈವರುಗಳ ಎದುರು, ಹಣಮೇಶನ ಮುಖಕ್ಕೇ ಹೇಳಿದ್ದ.

"ನಾಲ್ಕನೇ ಸೀಲ್ ಹಾಕಿ ಕೊಡು. ಇವಂದs ತಪ್ಪು ಅಂತ ನೀನೂ ಅಂದಿ ಅಂದ್ರ, ಇವತ್ತ ಸಂಜಿಗೆ ಕೀಲಿ ಇಸ್ಕೋತೇನಿ," ಎಂದ.

ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದವನ ಅನ್ನ ಹೀಗೆ ಒಂದು ರಬ್ಬರ್ ಬಳೆಗೆ ಜೋತುಬಿದ್ದಿತ್ತು. ‘ಲೋಡು ಹೇರಿ ಗಾಡಿ ಕೆಡಿಸುವವ’ ಎಂಬ ಹೆಸರು ಬಿದ್ದರೆ ಇಳಕಲ್ಲಿನಿಂದ ಬಾದಾಮಿಯವರೆಗೆ ಯಾವ ಮಾಲೀಕನೂ ಅವನ ಕೈಗೆ ಲಾರಿ ಕೊಡುವುದಿಲ್ಲ.

"ಸೀಲ್ ಹಾಕ್ತೇನ್ರಿ. ಆದ್ರ ಹಿಂದಿನವು ಯಾಕ ಹ್ವಾದ್ವು ಅಂತ ನೋಡದನ ಹಾಕೂದಿಲ್ಲ," ಎಂದು ಲಕ್ಕವ್ವ ಹಣಮೇಶನ ಕಡೆ ತಿರುಗಿದಳು. "ಹಳೇವು ಎಲ್ಲದಾವು?"

ಈವರೆಗೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಅವನು ಕ್ಯಾಬಿನ್ನಿನಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದ. ಬಿಚ್ಚಿ ತೆಗೆದಿದ್ದ ಮೂರು ಸೀಲುಗಳಿದ್ದವು; ಕೊನೆಗೆ ಹಾಕಿದ್ದು ಇನ್ನೂ ಲಾರಿಯಲ್ಲೇ ಸೋರುತ್ತಿತ್ತು. ಲಕ್ಕವ್ವ ಒಂದೊಂದನ್ನೇ ಬೆರಳಲ್ಲಿ ತಿರುವಿದಳು. ಸವೆದಿರಲಿಲ್ಲ, ಸುಟ್ಟಿರಲಿಲ್ಲ. ಮೂರರ ತುಟಿಯೂ ಹೊರಗಡೆಗೇ ಮಡಚಿಕೊಂಡಿತ್ತು, ಒಳಗಿನಿಂದ ಯಾರೋ ನೂಕಿದಂತೆ. ಲಾರಿಯ ಕೆಳಗೆ ನುಸುಳಿ ಮೂತಿಗೆ ಸೇರಿದ ಶಾಫ್ಟನ್ನು ಎರಡೂ ಕೈಯಿಂದ ಅಲುಗಿಸಿದಳು. ಭಾರ ಹೇರಿ ಕೆಡಿಸಿದ್ದರೆ ಒಳಗಿನ ಬೇರಿಂಗು ಸಡಿಲಾಗಿ ಗಡಗಡ ಅನ್ನಬೇಕಿತ್ತು. ಕೂದಲೆಳೆಯಷ್ಟೂ ಅಲುಗಲಿಲ್ಲ.

ಸೋರಿಕೆ ಎಲ್ಲಿಯದೆಂದು ಕಣ್ಣಾರೆ ನೋಡುವುದಿತ್ತು. ಕ್ರೌನನ್ನು ಡೀಸೆಲ್ಲಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿ, ಮೇಲೆಲ್ಲ ರಂಗೋಲಿ ಪುಡಿ ಉದುರಿಸಿದಳು. ಕಬ್ಬಿಣಕ್ಕೆ ಪೌಡರ್ ಹಚ್ಚಿ ಯಾವ ಮದುವೆಗೆ ಕಳಿಸುತ್ತೀಯೆಂದು ಶ್ರೀಶೈಲ ನಕ್ಕ. ಅವಳು ಅವನನ್ನೂ ಕ್ಯಾಬಿನ್ನಿಗೆ ಹತ್ತಿಸಿದಳು. ಲಾರಿಯ ಮೇಲೆ ದಿಮ್ಮಿಗಳ ಲೋಡು ಹಾಗೇ ಇತ್ತು. ಹುನಗುಂದಕ್ಕೆ ಹೋಗಿ ತಿರುಗಿ ಬಂದರು. ಹಣಮೇಶ ಪ್ರತಿ ತಗ್ಗಿಗೂ ಗೇರು ಇಳಿಸಿ, ತೊಟ್ಟಿಲು ತೂಗಿದಂತೆ ಲಾರಿಯನ್ನು ದಾಟಿಸುವುದನ್ನು ಮಾಲೀಕ ಪಕ್ಕದಲ್ಲೇ ಕೂತು ನೋಡಬೇಕಾಯಿತು. ಎಷ್ಟು ವರ್ಷದ ಮೇಲೆ ನೋಡಿದನೋ.

ಬಂದು ಬಗ್ಗಿ ನೋಡಿದರೆ ಬೆಸುಗೆ, ಜೋಡಣೆ, ಕೆಳಗಿನ ಬಿರಡೆ ಎಲ್ಲ ಕಡೆ ಪುಡಿ ಬೆಳ್ಳಗೆ ಒಣಗಿಯೇ ಇತ್ತು. ಮೂತಿಯ ಸುತ್ತ ಮಾತ್ರ ಕರ್ರಗೆ ಒದ್ದೆ. ಲಕ್ಕವ್ವ ಮುಖ ಪಕ್ಕಕ್ಕೆ ಸರಿಸಿ, ಎಣ್ಣೆ ತುಂಬುವ ಬಿರಡೆಯನ್ನು ಮೆಲ್ಲಗೆ ಸಡಿಲಿಸಿದಳು. ಸುಸ್ಸೆಂದು ಒಳಗಿನ ಗಾಳಿ ಹೊರನುಗ್ಗಿತು. ಹೊರಸಿನ ಮೇಲಿದ್ದ ಜಾಫರಸಾಬ ಕತ್ತೆತ್ತಿದ.

ಕ್ರೌನಿಗೂ ಉಸಿರು ಬೇಕು. ಲಾರಿ ಓಡಿದಂತೆ ಕಾವೇರುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲೆಂದೇ ಬೆನ್ನ ಮೇಲೆ ಅಣಬೆಯಂಥ ಪುಟ್ಟ ಟೊಪ್ಪಿಗೆಯ ಒಂದು ರಂಧ್ರ ಇಟ್ಟಿರುತ್ತಾರೆ. ಅದು ಮುಚ್ಚಿದರೆ ಗಾಳಿ ಸೀಲನ್ನೇ ಒತ್ತಿ ಎಣ್ಣೆಯನ್ನು ಹೊರದೂಡುತ್ತದೆ. ಲಕ್ಕವ್ವ ಮೇಲೆ ಕೈಯಾಡಿಸಿದಳು. ಅಲುಗಬೇಕಾದ ಟೊಪ್ಪಿಗೆ ಅಲುಗಲಿಲ್ಲ. ಉಗುರಿನಿಂದ ಕೆರೆದಳು. ಕೆಂಪು ಬಣ್ಣ ಸಿಪ್ಪೆಯಾಗಿ ಎದ್ದುಬಂತು.

ಮಹಾನವಮಿಯ ಪೂಜೆಗೆ ಲಾರಿಗೆ ಬಣ್ಣ ಹೊಡೆಸುವುದು ಇಲ್ಲಿಯ ಪದ್ಧತಿ. ಪೂಜೆ ತಪ್ಪಲ್ಲ; ಉಸಿರಾಡುವುದನ್ನೂ ಬಣ್ಣದಲ್ಲಿ ಹೂಳುವುದು ತಪ್ಪು. ಬಣ್ಣ ಹೊಡೆಸಿದ್ದು ಯಾರೆಂದು ಕೇಳಬೇಕಾಗಿರಲಿಲ್ಲ.

ಜಾಫರಸಾಬ ಅವಳನ್ನು ಹತ್ತಿರ ಕರೆದ. ರಂಧ್ರ ಬಿಡಿಸು, ಸೀಲು ಹಾಕು, ಕಂಪನಿಯ ಸೀಲೇ ಖರಾಬಿತ್ತು ಅಂದುಬಿಡು. ಮೂರು ಲಾರಿಯ ಗಿರಾಕಿ, ಎದುರಿಗೇ ಮುಖ ಮುರಿಯಬೇಡ ಎಂದು ಪಿಸುಗುಟ್ಟಿದ. ಕೆಟ್ಟವನಲ್ಲ ಸಾಬ. ಹೊಟ್ಟೆಪಾಡಿನವರಿಗೆಲ್ಲ ಈ ಊರು ಕಲಿಸಿಕೊಟ್ಟ ಬುದ್ಧಿ ಅದು.

"ಹಂಗಂದ್ರ ಹಣಮೇಶನ ಮ್ಯಾಲಿನ ಹೆಸರು ಹಂಗs ಉಳೀತೈತಿ, ಸಾಬ," ಎಂದಳು ಲಕ್ಕವ್ವ. ಬಣ್ಣದ ಸಿಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡು ಶ್ರೀಶೈಲನ ಮುಂದೆ ನಿಂತಳು. "ಇದು ಡ್ರೈವರನ ತಪ್ಪಲ್ರಿ ಯಪ್ಪಾ. ನಿಮ್ಮ ಪೇಂಟಿಂದು."

ಶ್ರೀಶೈಲ ಸಿಪ್ಪೆ ನೋಡಿದ, ಲಾರಿ ನೋಡಿದ. ಒಂದಿಂಚು ಕಬ್ಬಿಣವೂ ಕಾಣಬಾರದೆಂದು ಪೇಂಟರನ ಬೆನ್ನ ಹಿಂದೆ ನಿಂತು ಹೇಳಿದವನು ತಾನೇ ಎಂದು ಒಪ್ಪಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ, ಆಯ್ತು ಬಿಡು, ಕೀಲಿ ಅವನ ಹತ್ತಿರವೇ ಇರಲಿ ಎಂದ.

"ಕೀಲಿ ಸಾಲಂಗಿಲ್ರಿ. ಚಾದಂಗಡ್ಯಾಗ ಅಂದಿದ್ದನ್ನ ಚಾದಂಗಡ್ಯಾಗs ತಿರಗಿ ತಗೋರಿ."

ಹಣಮೇಶ ಹೆದರಿ ಬೇಡವೆಂದು ಕೈಯಾಡಿಸಿದ. ಶ್ರೀಶೈಲ ಹೊರಗೆ ರಸ್ತೆಯ ಕಡೆ ನಡೆದ. ಲಕ್ಕವ್ವ ಟೊಪ್ಪಿಗೆ ಬಿಚ್ಚಿ ತೊಳೆದು, ರಂಧ್ರಕ್ಕೆ ತಂತಿ ತೂರಿ ಗಾಳಿ ಊದಿ, ಹೊಸ ಸೀಲು ಕೂರಿಸಿ, ಎಣ್ಣೆ ಮಟ್ಟಕ್ಕೆ ತುಂಬಿ ಕಳಿಸಿದಳು.

ಮರುದಿನ ಬೆಳಿಗ್ಗೆ ಖಣಿ ಕ್ರಾಸಿನಲ್ಲಿ ಎಂಟು ಹತ್ತು ಡ್ರೈವರುಗಳು ಚಹಾ ಕುಡಿಯುತ್ತಿದ್ದಾಗ ಶ್ರೀಶೈಲ ಹಣಮೇಶನ ಜೊತೆ ಬಂದ. ಬೆಂಚಿನ ಮೇಲೆ ಕೂರಲಿಲ್ಲ. "ಹಣಮೇಶಂದು ತಪ್ಪಿಲ್ಲ. ಬಣ್ಣ ಹೊಡಿಸಿ ಕೆಡಿಸಿದಾಂವ ನಾನs," ಎಂದ, ಅರ್ಧ ನೆಲಕ್ಕೆ, ಅರ್ಧ ಜನಕ್ಕೆ. ಯಾರೂ ನಗಲಿಲ್ಲ. ಒಬ್ಬ ಸರಿದು ಕೂತು ಹಣಮೇಶನಿಗೆ ಜಾಗ ಕೊಟ್ಟ. ಶ್ರೀಶೈಲನ ಮರ್ಯಾದೆ ಅಂದು ಕಡಿಮೆಯಾಗಲಿಲ್ಲ. ಉಳಿದೆರಡು ಲಾರಿಗಳನ್ನೂ ಅದೇ ವಾರ ಲಕ್ಕವ್ವನ ಹತ್ತಿರ ಕಳಿಸಿದ. ಎರಡು ತಿಂಗಳಾಯಿತು, ಕೆಂಪು ಲಾರಿಯ ಕ್ರೌನು ಒಣಗಿಯೇ ಇದೆ.

ನೀವೂ ಯಾರ ಮೇಲೋ ಹೀಗೆ ತಪ್ಪು ಹೊರಿಸಿದ್ದೀರಿ. ಮನೆಗೆಲಸದವಳೋ, ಅಂಗಡಿಯ ಆಳೋ, ಹೆಸರು ಈಗಾಗಲೇ ನೆನಪಿಗೆ ಬಂದಿದೆ. ಮುಖ ತಿರುಗಿಸಬೇಡಿ, ಫೋನಿನಲ್ಲಿ ಮುಗಿಸಬೇಡಿ. ಆ ಮಾತನ್ನು ಎಲ್ಲಿ ಆಡಿದಿರೋ ಅಲ್ಲಿಗೇ, ಕೇಳಿದವರು ಇರುವ ಹೊತ್ತಿಗೇ ಹೋಗಿ. ತಪ್ಪು ನನ್ನದು ಎಂದು ಬಾಯಿ ಬಿಟ್ಟು ಹೇಳಿ. ಇವತ್ತೇ.