ಕಿಟಕಿಯೊಳಗಿನ ನಿಂಬೆಗಿಡ

ಹರಿಣಾಕ್ಷಿ ಕಾಸರಗೋಡಿನವಳು. ಗಂಡ ವಿಠಲನಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸವಿದ್ದುದರಿಂದ ಕಡಲತಡಿಯ ತುಂಬ ಎಂಬ ಊರಿನಲ್ಲೇ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದಳು. ಅವಳ ಮಗಳಿಗೆ ಕನ್ನಡ ಓದಲು ಕಲಿಸಿದವನು ನಾನು. ಆ ಮನೆಯ ಗಂಜಿಯ ರುಚಿ ಇಂದಿಗೂ ನೆನಪಿದೆ. ಒಲೆಯ ಮೇಲಿರುವಾಗಲೇ ಅದಕ್ಕೆ ಉಪ್ಪು ಬೀಳುತ್ತಿತ್ತು. ಉಳಿದ ಗಂಜಿತಿಳಿ ನೆರೆಮನೆಯ ಜಾಯ್ಸ್ ಅವರ ಆಡುಗಳಿಗೆ.

ಜಾಯ್ಸ್ ಮೀನುಗಾರರ ಮನೆಯ ಹಿರಿಯ ಹೆಂಗಸು. ಹರಿಣಾಕ್ಷಿ ಅವರನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು. ವಿಠಲ ಊರಲ್ಲಿಲ್ಲದ ದಿನ ಹರಿಣಾಕ್ಷಿಗೆ ಹೆರಿಗೆನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದವರು, ಆಮೇಲೆ ಬಾಣಂತನ ಮಾಡಿದವರು ಅವರೇ. ಕಳೆದ ವರ್ಷ ವಿಠಲ ನಿವೃತ್ತನಾಗಿ ಕೊಚ್ಚಿಯ ಹತ್ತಿರದ ಆಲುವದ ಫ್ಲ್ಯಾಟಿಗೆ ಹೊರಟಾಗ ಅವರು ಒಂದು ನಿಂಬೆಗಿಡ ಕೊಟ್ಟರು. ಕಡಲಿನ ಉಪ್ಪುಗಾಳಿಗೆ ಎಲೆ ಸುಟ್ಟೀತೆಂದು ಅದನ್ನು ಅಡುಗೆಮನೆಯ ಕಿಟಕಿಯೊಳಗೇ ಬೆಳೆಸಿದ್ದರು.

ಆಲುವದಲ್ಲೂ ಗಿಡಕ್ಕೆ ಬಿಸಿಲು ಬೀಳುವ ಕಿಟಕಿಯೇ ಸಿಕ್ಕಿತು. ಆದರೂ ಕೆಲವು ತಿಂಗಳಲ್ಲಿ ಎಲೆಗಳ ಅಂಚು ಕಂದಿ, ಒಂದೊಂದಾಗಿ ಉದುರತೊಡಗಿದವು. ಅಷ್ಟರಲ್ಲಿ ಕೊಚ್ಚಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬರುತ್ತೇನೆ, ಮೊದಲು ನಿಮ್ಮಲ್ಲಿಗೇ ಎಂದು ಜಾಯ್ಸ್ ಫೋನ್ ಮಾಡಿದರು.

"ಎಂತ ಮಾಡುದು ಮಾರಾಯ್ರೆ? ಚೇಚಿ ಬಂದು ಮೊದಲು ಕೇಳುದೇ ಗಿಡವನ್ನು" ಎಂದಳು ಹರಿಣಾಕ್ಷಿ.

"ನರ್ಸರಿಯಿಂದ ಬೇರೆ ಒಂದು ತಂದಿಡುವ. ಹೇಗೂ ಅವರಿಗೆ ಕಣ್ಣು ಸರಿ ಕಾಣುದಿಲ್ಲ" ಎಂದ ವಿಠಲ.

"ಥೂ, ನಿಮ್ಮ ಬುದ್ಧಿಗಿಷ್ಟು! ನನ್ನ ಬಾಣಂತನ ಮಾಡಿದವರಿಗೆ ಮೋಸವಾ?"

ಜಾಯ್ಸ್ ಬಂದವರೇ ಕಿಟಕಿಯ ಬಳಿ ಹೋದರು. ಎಲೆ ಸವರಿದರು. ಕುಂಡದ ಮಣ್ಣನ್ನು ಚಿಟಿಕೆಯಷ್ಟು ತೆಗೆದು ನಾಲಿಗೆಗೆ ತಾಗಿಸಿದರು.

"ಏನು ಹೊಯ್ಯುತ್ತೀಯ ಮೋಳೇ ಇದಕ್ಕೆ?" ಎಂದು, ಮಗಳನ್ನು ಕೇಳುವ ಹಾಗೆ, ಮಲಯಾಳದಲ್ಲಿ ಕೇಳಿದರು.

"ಗಂಜಿತಿಳಿ, ಚೇಚಿ. ಇಲ್ಲಿ ಆಡು ಎಲ್ಲಿದೆ? ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ."

ಜಾಯ್ಸ್ ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತುಬಿಟ್ಟರು. "ನಾನು ಇದನ್ನು ಕಡಲಿಂದ ಬಚ್ಚಿಟ್ಟು ಸಾಕಿದೆ. ನೀನು ಕಡಲನ್ನೇ ಮನೆಯೊಳಗೆ ತಂದೆಯಲ್ಲ! ಸದ್ಯ, ಆಡಿನ ಹಾಗೆ ಹುಲ್ಲು ತಿನ್ನಿಸಲಿಲ್ಲ."

ಹರಿಣಾಕ್ಷಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಜಾಯ್ಸ್ ಉಗುರಿನಿಂದ ಕಾಂಡವನ್ನು ಕೆರೆದು, "ನೋಡು, ನನಗೆ ಮಸುಕು. ಒಳಗೆ ಹಸಿರಿದೆಯಾ?" ಎಂದರು. ಹಸಿರಿತ್ತು. ವಿಠಲ ಕುಂಡವನ್ನು ಬಚ್ಚಲಿಗೆ ಹೊತ್ತೊಯ್ದ. ಹೆಂಗಸರಿಬ್ಬರೂ ಅದರ ಎರಡು ಪಕ್ಕ ಕುಳಿತು, ಬಕೆಟ್ಟಿನ ಮೇಲೆ ಬಕೆಟ್ಟು ಸಿಹಿನೀರು ಹೊಯ್ದು, ಮಣ್ಣಿನ ಉಪ್ಪನ್ನೆಲ್ಲ ತೊಳೆದರು. ಮರುದಿನವೂ ಹಾಗೆಯೇ ಮಾಡಿ ಜಾಯ್ಸ್ ಆಸ್ಪತ್ರೆಗೆ ಹೊರಟರು.

ಮೊನ್ನೆ ನಾನು ಹೋಗಿದ್ದೆ. ಗಂಜಿ ಸಪ್ಪೆಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹರಿಣಾಕ್ಷಿ ಉಪ್ಪಿನ ಭರಣಿಯನ್ನು ನನ್ನತ್ತ ಸರಿಸಿದಳು. "ನೀವೇ ಹಾಕಿಕೊಳ್ಳಿ ಮಾಷ್ಟ್ರೆ. ಪಾತ್ರೆಗೆ ಹಾಕುದು ಬಿಟ್ಟಿದ್ದೇನೆ."

ಊಟವಾದ ಮೇಲೆ ತುಂಬಕ್ಕೆ ಮರಳಿದ್ದ ಜಾಯ್ಸ್ ಅವರಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಗಿಡದ ತುದಿಗೆ ಹಿಡಿದಳು.

"ಕಾಣ್ತದಾ ಚೇಚಿ?"

"ಕಾಣದೆ ಏನು?" ಎಂದರು ಜಾಯ್ಸ್. "ಏಳು ಹೊಸ ಎಲೆ. ಎಂಟನೆಯದು ಇನ್ನೂ ಮಡಚಿಕೊಂಡಿದೆ."