ಬಾಗಿಲಲ್ಲಿ ಬೆನ್ನು ಹಾಕಿ ನಿಂತವರು

ಅವರ ಕತ್ತಿನ ಹಿಂಭಾಗದಲ್ಲಿ ಅಡ್ಡಲಾಗಿ ಮೂರು ಗೆರೆಗಳಿದ್ದವು. ಕಾಪಿ ಪುಸ್ತಕದ ಗೆರೆಗಳಷ್ಟು ನೇರ. ನಕ್ಕಾಗ ಮೂರು ನಾಲ್ಕಾಗುತ್ತಿದ್ದವು. ಸಿಟ್ಟು ಬಂದಾಗ ಕೆಳಗಿನದು ಕಾಲರಿನ ಒಳಗೆ ಇಳಿದು ಮಾಯವಾಗುತ್ತಿತ್ತು. ಹನ್ನೊಂದು ವರ್ಷಕ್ಕೂ ಮಿಕ್ಕಿ ನಾನು ಅವರನ್ನು ಹೆಚ್ಚಾಗಿ ನೋಡಿದ್ದು ಹಿಂದಿನಿಂದ. ಮುಖ ಹೇಗಿತ್ತೆಂದು ಯಾರಾದರೂ ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಬಿಳಿ ಗಡ್ಡ ಇತ್ತು, ಮುಂದಿನ ಒಂದು ಹಲ್ಲು ಇರಲಿಲ್ಲ. ಅಷ್ಟು ಖಚಿತ. ಕತ್ತನ್ನಾದರೆ ಈಗಲೂ ಚಿತ್ರ ಬರೆದು ತೋರಿಸಬಲ್ಲೆ.

ಅವರು ಕೊಟ್ಟಾರದ ರಿಕ್ಷಾ ಪಾರ್ಕಿನ, ಅಂದರೆ ರಿಕ್ಷಾ ಸ್ಟ್ಯಾಂಡಿನ, ಚಾಲಕರು. ಮನೆ ಕಾಟಿಪಳ್ಳದಲ್ಲಿ. ಬೆಳಗಿನ ನಮಾಜು ಮುಗಿಸಿ ಹೊರಟು ಏಳಕ್ಕೆ ಮೊದಲೇ ಪಾರ್ಕಿನ ಸಾಲಿನಲ್ಲಿ ಇರುತ್ತಿದ್ದರು. ಪಾರ್ಕಿನವರೆಲ್ಲ ಹಿರಿಯರೆಂದು ಅವರನ್ನು ಕಾಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಾನು ಪಂಪ್‌ವೆಲ್ ಸಮೀಪದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆದ್ದರಿಂದ ಅವರಿಗೆ ಸಿಸ್ಟರ್. ಏಳು ಐದಕ್ಕೆ ಹತ್ತುವುದು, ಏಳು ಇಪ್ಪತ್ತೈದಕ್ಕೆ ಇಳಿಯುವುದು. ಒಂದು ದಿನ ಏಳು ಎಂಟಕ್ಕೆ ಬಂದಾಗ, "ಎಂತ ಸಿಸ್ಟರ್, ಹುಷಾರಿಲ್ವಾ?" ಎಂದು ಕೇಳಿದ್ದರು.

ನನ್ನ ದಿನಚರಿ ನರ್ಸಿಂಗ್ ಹಾಸ್ಟೆಲಿನಲ್ಲಿ ಕಲಿತದ್ದು. ನಾಲ್ಕೂ ಮುಕ್ಕಾಲಿಗೆ ಏಳುವುದು, ಹಾಸಿಗೆಯ ಮೂಲೆಗಳನ್ನು ಲಕೋಟೆಯಂತೆ ಮಡಚುವುದು, ಐದೂವರೆಗೆ ಒಲೆ ಹಚ್ಚುವುದು. ಇಂದಿಗೂ ಬದಲಾಗಿಲ್ಲ. ಜನ ಇದನ್ನು ಹೊಗಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಅದೊಂದು ಬೇಲಿ. ಪ್ರತಿಯೊಂದಕ್ಕೂ ಹೊತ್ತು ಗೊತ್ತಿದ್ದರೆ, ಗೊತ್ತಿಲ್ಲದ ಹೊತ್ತಿನಲ್ಲಿ ಗೊತ್ತಿಲ್ಲದ ಜನರ ಎದುರು ನಿಲ್ಲುವ ಸಂದರ್ಭ ಕಡಿಮೆ.

ವಾರ್ಡಿನಲ್ಲಿ ನನ್ನನ್ನು ಗಟ್ಟಿ ಹೆಂಗಸು ಎನ್ನುತ್ತಿದ್ದರು. ರೋಗಿಯ ಬಳಿ, ಒಬ್ಬರ ಎದುರು ಒಬ್ಬರಾಗಿ, ನನಗೆ ಯಾವ ಭಯವೂ ಇರಲಿಲ್ಲ. ಹತ್ತು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ಮಾತ್ರ ಕೈ ತಣ್ಣಗಾಗಿ ಕುತ್ತಿಗೆಯ ಮೇಲೆ ಕೆಂಪು ಪಟ್ಟೆಗಳು ಏಳುತ್ತಿದ್ದವು. ಕೇಳಿದವರಿಗೆ ಅಲರ್ಜಿ ಎಂದು ಹೇಳುತ್ತಿದ್ದೆ. ಮದುವೆಗಳಿಗೆ ಎಲ್ಲರೂ ಊಟಕ್ಕೆ ಕುಳಿತ ಹೊತ್ತು ನೋಡಿ ಹೋಗಿ, ಮುಖ ತೋರಿಸಿ ಬರುತ್ತಿದ್ದೆ. ಸಿಟಿ ಬಸ್ಸಿನಲ್ಲಿ ಇಳಿಯುವ ಜಾಗವನ್ನು ಕೂಗಿ ಹೇಳಬೇಕು. ಕಂಡಕ್ಟರಿಗೆ ಕೇಳದಿದ್ದರೆ ಪುನಃ ಕೂಗಬೇಕು. ಎರಡನೆಯ ಸಲ ಕೂಗಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದದ್ದು ಎಷ್ಟೋ ಸಲ. ನಾನು ಬಸ್ಸು ಬಿಟ್ಟು ರಿಕ್ಷಾ ಹಿಡಿದದ್ದು ಆ ಕಾರಣಕ್ಕೆ.

ಮೊದಲ ಎರಡು ವರ್ಷ ಕಾಕ ಮತ್ತು ನನ್ನ ನಡುವೆ ಮಾತು ಹೆಚ್ಚೇನೂ ನಡೆಯಲಿಲ್ಲ. ನನಗೆ ಅದೇ ಹಿತವಾಗಿತ್ತು. ಅವರು ಮಾತಾಡುತ್ತಿದ್ದದ್ದು ಬಸ್ಸುಗಳ ಜೊತೆಗೆ. ಅಡ್ಡ ಬಂದ ಬಸ್ಸಿಗೆ ತುಳುವಿನಲ್ಲಿ ಒಂದು, ಬ್ಯಾರಿ ಭಾಷೆಯಲ್ಲಿ ಒಂದು ಹೇಳಿ, ಮರುಕ್ಷಣ ಶಾಂತರಾಗುತ್ತಿದ್ದರು.

ಆಮೇಲೆ ನನ್ನನ್ನು ನರ್ಸಿಂಗ್ ಸುಪರಿಂಟೆಂಡೆಂಟ್ ಮಾಡಿದರು. ಅದಕ್ಕೆ ಮೊದಲು ಎರಡು ಸಲ ಬೇಡವೆಂದಿದ್ದೆ. ಮೂರನೆಯ ಸಲ ಕೇಳಲೇ ಇಲ್ಲ, ಆದೇಶ ಕಳಿಸಿದರು. ಪ್ರತಿ ಸೋಮವಾರ ವಿಭಾಗಗಳ ಮುಖ್ಯಸ್ಥರ ಸಭೆ. ಹದಿನಾಲ್ಕು ಜನ. ವಾರದ ವರದಿಯನ್ನು ನಾನು ಎದ್ದು ನಿಂತು ಹತ್ತು ನಿಮಿಷ ಹೇಳಬೇಕು. ಮೊದಲ ಸೋಮವಾರ ಎದ್ದು ನಿಂತೆ. ಧ್ವನಿ ಹೊರಡಲಿಲ್ಲ. ಗಂಟಲು ಸರಿಯಿಲ್ಲವೆಂದು ಸನ್ನೆ ಮಾಡಿ, ಕಾಗದವನ್ನು ಪಕ್ಕದವರಿಗೆ ದಾಟಿಸಿ ಕುಳಿತೆ. ಆ ವಾರವೇ ಹುದ್ದೆ ಬೇಡವೆಂದು ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಕೊಟ್ಟರೆ ಹಳೆಯ ವಾರ್ಡಿಗೆ ಮರಳಬಹುದಿತ್ತು, ಮತ್ತು ಜೀವನಪೂರ್ತಿ ಅಲ್ಲೇ ಇರಬಹುದಿತ್ತು.

ಶುಕ್ರವಾರ ಬೆಳಿಗ್ಗೆ ರಿಕ್ಷಾದಲ್ಲಿ ವರದಿಯ ಕಾಗದ ಹಿಡಿದು, ಕೊನೆಯ ಪ್ರಯತ್ನವೆಂದು ಪಿಸುದನಿಯಲ್ಲಿ ಓದುತ್ತಿದ್ದೆ. ಕುಂಟಿಕಾನ ದಾಟಿದ ಮೇಲೆ ಕಾಕ ರಿಕ್ಷಾವನ್ನು ಬದಿಗೆ ನಿಲ್ಲಿಸಿದರು. ಕೈ ಎತ್ತಿ, ಹಿಂದೆ ಕುಳಿತವರು ಕಾಣುವ ಒಳಗಿನ ಕನ್ನಡಿಯನ್ನು ಮೇಲಕ್ಕೆ, ಟಾಪಿನ ಕಡೆಗೆ ತಿರುಗಿಸಿದರು.

"ಎಂತಾಯ್ತು ಕಾಕ?"

"ಎಂತ ಇಲ್ಲ. ನಾನು ಕನ್ನಡಿ ನೋಡಿದ ಕೂಡಲೇ ನೀವು ಓದುವುದು ನಿಲ್ಲಿಸ್ತೀರಿ. ಮೂರು ದಿನದಿಂದ ನೋಡ್ತಾ ಇದ್ದೇನೆ. ಈಗ ನನಗೆ ನೀವು ಕಾಣುವುದಿಲ್ಲ. ಓದಿ."

"ಹಿಂದಿನ ಗಾಡಿ ಕಾಣುವುದು ಬೇಡ್ವಾ ನಿಮಗೆ?"

"ಅದಕ್ಕೆ ಹೊರಗಿನ ಕನ್ನಡಿ ಉಂಟು. ಗಟ್ಟಿ ಓದಿ ಸಿಸ್ಟರ್, ಇಂಜಿನಿನ ಶಬ್ದದಲ್ಲಿ ನನಗೆ ಕೇಳುವುದಿಲ್ಲ."

ನಾನು ಓದಿದೆ. ಅವರು ತಿರುಗಿ ನೋಡಲಿಲ್ಲ. ಕತ್ತಿನ ಮೂರು ಗೆರೆಗಳು ಅಲುಗಾಡಲಿಲ್ಲ. ನನ್ನ ಕುತ್ತಿಗೆ ಕೆಂಪಾಗಲಿಲ್ಲ.

ಮರುದಿನದಿಂದ ಅದು ಕ್ರಮವಾಯಿತು. ನಾನು ಹತ್ತಿದ ಕೂಡಲೇ ಕನ್ನಡಿ ಮೇಲಕ್ಕೆ. ಕುಂಟಿಕಾನದಲ್ಲಿ ಶುರು, ಕೆಪಿಟಿ ಜಂಕ್ಷನ್ನಿನಲ್ಲಿ ಅರ್ಧ, ನಂತೂರಿನಲ್ಲಿ ಮುಕ್ತಾಯ. ಹತ್ತು ನಿಮಿಷದ ಲೆಕ್ಕಕ್ಕೆ ಅದು ಸರಿಯಾಗುತ್ತಿತ್ತು. ಅವರು ಸುಮ್ಮನೆ ಕೇಳುವವರಲ್ಲ.

"ಬೆಡ್‌ಶೀಟಿನ ವಿಷಯ ಕುಂಟಿಕಾನದಲ್ಲೇ ಹೇಳಿ ಆಯ್ತಲ್ಲ, ಕೆಪಿಟಿಯಲ್ಲಿ ಪುನಃ ಯಾಕೆ?" ಎನ್ನುವರು. ಒಮ್ಮೆ ನಾನು ಸೋಂಕು ತಡೆಯುವ ಬಗ್ಗೆ ಹೇಳುತ್ತಿರುವಾಗ ಬಸ್ಸೊಂದು ಎಡದಿಂದ ನುಗ್ಗಿತು. ಕಾಕ ತಲೆ ಹೊರಗೆ ಹಾಕಿ, "ಏ ಮಾರಾಯ, ನಿನ್ನ ಅಜ್ಜನ ರಸ್ತೆಯಾ ಇದು?" ಎಂದು ಕೂಗಿ, ಅದೇ ಉಸಿರಿನಲ್ಲಿ, "ಹಾಂ ಸಿಸ್ಟರ್, ಕೈ ತೊಳೆಯುವುದು ಎಷ್ಟು ಸೆಕೆಂಡು ಅಂದ್ರಿ?" ಎಂದರು. ಆಗ ಪಂಪ್‌ವೆಲ್‌ನಲ್ಲಿ ಫ್ಲೈಓವರಿನ ಕಂಬಗಳು ಮಾತ್ರ ನಿಂತಿದ್ದವು. ನನ್ನ ವರದಿ ನಂತೂರು ದಾಟಿ ಉದ್ದವಾದರೆ, "ಫ್ಲೈಓವರ್ ಮೊದಲು ಮುಗೀತದೋ ನೀವು ಮೊದಲು ಮುಗಿಸ್ತೀರೋ ನೋಡುವ" ಎನ್ನುತ್ತಿದ್ದರು. ಆಗ ಗೆರೆಗಳು ನಾಲ್ಕಾಗುತ್ತಿದ್ದವು.

ಎರಡನೆಯ ಸೋಮವಾರಕ್ಕೆ ಮೊದಲು, ಶನಿವಾರ ಕೇಳಿದೆ: "ಅವರೆಲ್ಲ ನನ್ನ ಬಗ್ಗೆ ಎಂತ ತಿಳ್ಕೊಂಡಿರಬಹುದು ಕಾಕ?"

"ದಿನಕ್ಕೆ ಮೂವತ್ತು ನಲವತ್ತು ಜನ ನನ್ನ ಹಿಂದೆ ಕೂರ್ತಾರೆ. ಕೂಗುವವರು, ಅಳುವವರು, ಫೋನಿನಲ್ಲಿ ಜಗಳ ಮಾಡುವವರು. ಸಂಜೆಗೆ ಒಬ್ಬರ ಮುಖ ನೆನಪಿಲ್ಲ. ಬಿಟ್ಟು ಹೋದ ಕೊಡೆ ಮಾತ್ರ ನೆನಪಿರ್ತದೆ. ನೀವು ಕೊಡೆ ಬಿಡದೆ ಬನ್ನಿ, ಸಾಕು."

ಆ ಸೋಮವಾರ ನಾನು ಮಾತಾಡಿದೆ. ಧ್ವನಿ ನಡುಗಿತು, ಕುತ್ತಿಗೆ ಕೆಂಪಾಯಿತು, ಒಂದು ಅಂಕಿ ತಪ್ಪು ಹೇಳಿದೆ. ಎದುರಿನ ಗೋಡೆಯ ಗಡಿಯಾರದ ಕೆಳಗೆ ಒಂದು ಖಾಕಿ ಬೆನ್ನು ಇದೆಯೆಂದು ಭಾವಿಸಿಕೊಂಡು ಮುಗಿಸಿದೆ. ಭಯ ಹೋಯಿತೆಂದು ಹೇಳಲಾರೆ. ಮುಂದಿನ ಒಂಬತ್ತು ವರ್ಷಗಳಲ್ಲಿ ಭಯವಿಲ್ಲದ ಸೋಮವಾರ ಬರಲೇ ಇಲ್ಲ. ಎಲ್ಲರೂ ಮಾಸ್ಕ್ ಹಾಕಿದ್ದ ಕೊರೊನಾ ಕಾಲದಲ್ಲಿ ಮಾತ್ರ ಸ್ವಲ್ಪ ಸುಲಭವಾಗಿತ್ತು. ಆದರೆ ಆ ಪತ್ರ ಬ್ಯಾಗಿನಲ್ಲೇ ಹಳೆಯದಾಗಿ, ಮಡಿಕೆಯಲ್ಲಿ ಹರಿದು ಎರಡಾಯಿತು.

ಫ್ಲೈಓವರ್ ಮುಗಿಯಿತು, ನನ್ನ ಸರ್ವಿಸೂ ಮುಗಿಯಿತು. ಬೀಳ್ಕೊಡುಗೆಯಲ್ಲಿ ಇನ್ನೂರು ಜನರ ಎದುರು ಮಾತಾಡಬೇಕೆಂದಾಗ ಊಟ ಸೇರದಾಯಿತು. ವಿಷಯ ಕೇಳಿ ಕಾಕ ಹೇಳಿದರು:

"ನಾನು ಬರ್ತೇನೆ. ಹಾಲ್‌ನ ಹಿಂದಿನ ಬಾಗಿಲಲ್ಲಿ ಬೆನ್ನು ಹಾಕಿ ನಿಲ್ತೇನೆ. ನೀವು ನನ್ನ ಕುತ್ತಿಗೆ ನೋಡಿ ಮಾತಾಡಿ. ರಿಕ್ಷಾ ಅಂತ ತಿಳ್ಕೊಳ್ಳಿ."

"ಜನ ಎಂತ ಹೇಳಿಯಾರು ಕಾಕ?"

"ನನಗಾ? ನನಗೆ ಎಂತ ಹೇಳ್ತಾರೆ?"

ಹೇಳಿದಂತೆ ಬಂದರು. ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಅಂಗಳದ ಕಡೆಗೆ ಮುಖ ಮಾಡಿ ನಿಂತರು. ನಾನು ಮೈಕಿನ ಎದುರು ಇದ್ದಷ್ಟು ಹೊತ್ತು ಕದಲಲಿಲ್ಲ. ಕಾವಲುಗಾರ ಬಂದು ಕುಳಿತುಕೊಳ್ಳಲು ಹೇಳಿದ್ದು, ಅವರು ಬೇಡವೆಂದು ತಲೆಯಾಡಿಸಿದ್ದು, ಕೊನೆಯ ಸಾಲಿನ ಕೆಲವರು ತಿರುಗಿ ನೋಡಿದ್ದು ವೇದಿಕೆಯಿಂದ ಕಾಣುತ್ತಿತ್ತು. ನನ್ನ ಮಾತು ಚೆನ್ನಾಗಿ ಆಯಿತು. ಎರಡು ಕಡೆ ಜನ ನಕ್ಕರು; ನಾನು ನಗಿಸಬೇಕೆಂದಿದ್ದ ಕಡೆಗಳಲ್ಲೇ.

ಆಮೇಲೆ ಚಹಾ. ಆಸ್ಪತ್ರೆಯ ಆಡಳಿತಾಧಿಕಾರಿ ಹತ್ತು ಹದಿನೈದು ಜನರ ನಡುವೆ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು:

"ಭಾಷಣ ಫಸ್ಟ್ ಕ್ಲಾಸ್ ಸಿಸ್ಟರ್. ಆದ್ರೆ ಆ ರಿಕ್ಷಾದವನನ್ನು ಎಲ್ಲಿಂದ ಹಿಡಿದು ತಂದ್ರಿ ಮಾರಾಯ್ರೆ? ಇಡೀ ಹೊತ್ತು ಸ್ಟೇಜಿಗೆ ಬೆನ್ನು ಹಾಕಿ ನಿಂತಿದ್ದಾನೆ. ಕೂರು ಅಂದ್ರೆ ಕೂರುವುದಿಲ್ಲ. ಒಂದು ಮರ್ಯಾದೆ ಬೇಡ್ವಾ?"

ಸುತ್ತಲಿದ್ದವರು ನಕ್ಕರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕಾಕ ನಾಲ್ಕು ಹೆಜ್ಜೆ ಆಚೆ, ನನಗೆ ಬಂದ ಹಾರಗಳ ಚೀಲವನ್ನೂ ಹಣ್ಣಿನ ಬುಟ್ಟಿಯನ್ನೂ ಹಿಡಿದು ನಿಂತಿದ್ದರು. ನನ್ನ ಕುತ್ತಿಗೆ ಬಿಸಿಯಾಯಿತು.

"ಹೌದಾ? ನಾನು ನೋಡ್ಲಿಲ್ಲ," ಎಂದೆ.

ಮನೆಗೆ ಬರುವಾಗ ಕನ್ನಡಿ ಎಂದಿನಂತೆ ಮೇಲಕ್ಕೆ ತಿರುಗಿತ್ತು. ನಂತೂರಿನಲ್ಲಿ ಬ್ಲಾಕ್ ಆಗಿ ನಿಂತಾಗ ಕಾಕ, "ಒಳ್ಳೆದಾಯ್ತು ಸಿಸ್ಟರ್. ಎಲ್ಲಿಯೂ ಪುನಃ ಹೇಳ್ಲಿಲ್ಲ," ಎಂದರು. ನಾನು ಗೆರೆಗಳನ್ನು ನೋಡಿದೆ. ಮೂರಿದ್ದವು. ಅದರಿಂದ ಏನೂ ತಿಳಿಯಲಿಲ್ಲ.

ನಿವೃತ್ತಿಯ ನಂತರ ಮಂಗಳವಾರ ಬ್ಯಾಂಕಿಗೆ, ಶನಿವಾರ ಮಾರ್ಕೆಟ್ಟಿಗೆ ಅವರ ರಿಕ್ಷಾದಲ್ಲೇ ಹೋಗುತ್ತಿದ್ದೆ. ಆ ದಿನದ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮೆ ಕೇಳುವ ವಾಕ್ಯವನ್ನು ಹಲವು ಸಲ ಸಿದ್ಧಮಾಡಿದ್ದೆ. ಅದನ್ನು ಅಭ್ಯಾಸ ಮಾಡಲು ನನಗಿದ್ದ ಜಾಗ ಅದೊಂದೇ ರಿಕ್ಷಾ. ಅಲ್ಲಿ ಅಭ್ಯಾಸ ಮಾಡುವಂತಿರಲಿಲ್ಲ.

ಒಂದು ಮಂಗಳವಾರ ಸಾಲಿನಲ್ಲಿ ಅವರ ರಿಕ್ಷಾ ಇರಲಿಲ್ಲ. ಪಾರ್ಕಿನ ಇನ್ನೊಬ್ಬ ಚಾಲಕರು ಹೇಳಿದರು: "ನಿಮಗೆ ಗೊತ್ತಾಗ್ಲಿಲ್ವಾ ಸಿಸ್ಟರ್? ಕಾಕ ಹೋಗಿ ಎರಡು ದಿನ ಆಯ್ತು. ನಮಾಜಿಗೆ ಎದ್ದವರು ಅಲ್ಲೇ ಕುಸಿದ್ರಂತೆ."

ಕಾಟಿಪಳ್ಳದ ಮನೆಗೆ ಹೋದೆ. ಒಳಕೋಣೆಯಲ್ಲಿ ಹೆಂಗಸರು ತುಂಬಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಯಾರೆಂದು ಹೇಳಿಕೊಂಡೆ. ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀವಾ ಆ ಸಿಸ್ಟರ್? ನಿಮ್ಮ ಭಾಷಣದ ದಿನ ನನಗೆ ನೆನಪುಂಟು. ಅಂಗಿ ಎರಡು ಸಲ ಇಸ್ತ್ರಿ ಮಾಡಿಸಿದ್ರು ನನ್ನ ಹತ್ರ. ಬೆನ್ನು ಸರಿ ಮಾಡು, ಇವತ್ತು ಬೆನ್ನು ಕಾಣ್ಲಿಕ್ಕೆ ಉಂಟು ಅಂತ."

ಅವರ ಮುಖದಲ್ಲಿ ನಗು ಬಂತು, ಆಮೇಲೆ ಅಳು ಬಂತು. ಅವರು ಕೊಟ್ಟ ಚಹಾ ಕುಡಿದು ನಾನು ಎದ್ದೆ.

ಮರುದಿನ ಸಂಜೆ ನಾಲ್ಕಕ್ಕೆ ಆ ಆಡಳಿತಾಧಿಕಾರಿಯ ಮನೆಗೆ ಹೋದೆ. ಅವರೂ ನಿವೃತ್ತರಾಗಿದ್ದರು. ಕುಳಿತುಕೊಳ್ಳುವ ಮೊದಲೇ ಹೇಳಿದೆ: "ನನ್ನ ಬೀಳ್ಕೊಡುಗೆಯ ದಿನ ಬಾಗಿಲಲ್ಲಿ ಬೆನ್ನು ಹಾಕಿ ನಿಂತವರು ನನಗೋಸ್ಕರ ಹಾಗೆ ನಿಂತದ್ದು. ಜನರ ಮುಖ ನೋಡಿದ್ರೆ ನನಗೆ ಮಾತು ಬರುವುದಿಲ್ಲ. ನೀವು ಅವರಿಗೆ ಮರ್ಯಾದೆ ಇಲ್ಲ ಅಂದ್ರಿ. ನಾನು ನೋಡ್ಲಿಲ್ಲ ಅಂತ ಸುಳ್ಳು ಹೇಳಿದೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದರು.

"ಯಾರು ನಿಂತದ್ದು ಸಿಸ್ಟರ್? ನನಗೆ ಎಂತದೂ ನೆನಪಿಲ್ಲ. ಬನ್ನಿ, ಕೂತ್ಕೊಳ್ಳಿ. ಚಾ ಕುಡೀತೀರಾ?"

ಕಾಕ ಹೇಳಿದ್ದು ಸರಿಯಾಗಿತ್ತು. ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ನಾನು ಹೆದರಿದ್ದ ಆ ಹದಿನೈದು ಮುಖಗಳಲ್ಲಿ ಒಂದರಲ್ಲೂ ಆ ಸಂಜೆ ಉಳಿದಿರಲಾರದು. ಹಣ್ಣಿನ ಬುಟ್ಟಿ ಹಿಡಿದು ನಾಲ್ಕು ಹೆಜ್ಜೆ ಆಚೆ ನಿಂತಿದ್ದವರಿಗೆ ಮಾತ್ರ ನೆನಪಿದ್ದಿರಬೇಕು. ಅವರು ನನಗೋಸ್ಕರ ನಿಂತದ್ದು ಎಂದು ಆಗಲೇ ಹೇಳಬೇಕಾಗಿತ್ತು. ಅದಕ್ಕೆ ಕುಂಟಿಕಾನದಿಂದ ನಂತೂರಿನವರೆಗಿನ ದಾರಿ ಬೇಕಾಗಿರಲಿಲ್ಲ. ರಿಕ್ಷಾ ಸ್ಟಾರ್ಟ್ ಮಾಡಿ ಪಾರ್ಕಿನಿಂದ ರಸ್ತೆಗೆ ಇಳಿಸುವಷ್ಟರಲ್ಲಿ ಮುಗಿಯುವ ಮಾತು.